‘ಸರ್ವರ್ ಡೌನ್’ ಎಂಬುದು ಉತ್ತರವಲ್ಲ

ಸಪ್ತಭಾಷೆಗಳ ನಾಡೆಂದು ಹೆಸರಾದ ಕಾಸರಗೋಡಿನಲ್ಲಿ ಏಳೂ ಭಾಷೆಯವರಿಗೆ ಅನುವಾದವಿಲ್ಲದೆ ಅರ್ಥವಾಗುವ ಮಾತೊಂದಿದೆ: ‘ಸರ್ವರ್ ಡೌನ್’. ಅಕ್ಷಯ ಕೇಂದ್ರದಲ್ಲಿ ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಲು ಕುಳಿತವರಿಗೂ, ರೇಷನ್ ಅಂಗಡಿಯ ಇ-ಪೋಸ್ ಯಂತ್ರಕ್ಕೆ ಬೆರಳೊತ್ತಿ ನಿಂತವರಿಗೂ, ಪಂಚಾಯತಿಗೆ ಕಟ್ಟಡ ತೆರಿಗೆ ಕಟ್ಟಲು ಬಂದವರಿಗೂ ಕೆಲಸ ನಿಂತ ದಿನ ಸಿಗುವ ಉತ್ತರ ಅದೊಂದೇ. ಕೇಳಿದವರು ಮರುಪ್ರಶ್ನೆ ಹಾಕುವುದಿಲ್ಲ. ಮಳೆ ಬಂತು, ಕರೆಂಟು ಹೋಯಿತು ಎಂಬ ಹಾಗೆ ಸರ್ವರ್ ಡೌನ್ ಆಯಿತು ಎಂದುಕೊಂಡು, ಅರ್ಧ ದಿನದ ಕೂಲಿಯನ್ನೂ ಬಸ್ಸಿನ ದುಡ್ಡನ್ನೂ ಕಳೆದುಕೊಂಡು ಮನೆಗೆ ಮರಳುತ್ತಾರೆ. ಆದರೆ ‘ಡೌನ್’ ಎಂಬುದು ರೋಗದ ಹೆಸರೇ ಅಲ್ಲ. ವೈದ್ಯರ ಬಳಿ ಹೋದವನಿಗೆ ‘ನಿಮಗೆ ಹುಷಾರಿಲ್ಲ’ ಎಂದು ಹೇಳಿ ಕಳಿಸಿದಂತೆ ಅದು. ಸರ್ವರ್ ನಿಲ್ಲುವುದಕ್ಕೆ ಹತ್ತಾರು ಕಾರಣಗಳಿವೆ. ಅವುಗಳಲ್ಲಿ ಕೆಲವನ್ನು ಮೊದಲೇ ಬೆರಳೆಣಿಸಿ ಹೇಳಬಹುದು, ಎಣಿಸಿದರೆ ತಪ್ಪಿಸಲೂಬಹುದು. ಸರಕಾರಿ ಸೇವೆಗಳನ್ನೆಲ್ಲ ಪರದೆಯ ಮೇಲೆ ತಂದ ಮೇಲೆ, ಪ್ರತಿ ಸ್ಥಗಿತಕ್ಕೂ ನಿಖರವಾದ ಕಾರಣವನ್ನು ಜನರಿಗೆ ತಿಳಿಯುವ ಭಾಷೆಯಲ್ಲಿ ಹೇಳುವುದು ಆಡಳಿತದ ಕರ್ತವ್ಯ ಎಂಬುದು ಇಲ್ಲಿನ ವಾದ. ಅದಕ್ಕೆ ಸಾಕ್ಷಿಯಾಗಿ, ಹೊರಗಿನವರ ಕಣ್ಣಿಗೆ ಬೀಳದ, ಆದರೆ ಕೂಡಿ ಕಳೆದು ಲೆಕ್ಕ ಹಾಕಬಹುದಾದ ಒಂದು ಕೊರತೆಯನ್ನು ನೋಡೋಣ. ಅದು ಕಂಪ್ಯೂಟರಿನ ಪೋರ್ಟ್ ಸಂಖ್ಯೆಗಳ ಕೊರತೆ.

ಪೋರ್ಟ್ ಎಂದೊಡನೆ ಮಂಜೇಶ್ವರದ ಮೀನುಗಾರಿಕಾ ಬಂದರು ನೆನಪಾದರೆ ತಪ್ಪಿಲ್ಲ, ಆದರೆ ಇಲ್ಲಿ ಅದಕ್ಕಿಂತ ಹತ್ತಿರದ ಹೋಲಿಕೆ ಹಳೆಯ ಬ್ಯಾಂಕುಗಳ ಹಿತ್ತಾಳೆ ಟೋಕನ್. ಚೆಕ್ ಕೊಟ್ಟವರಿಗೆ ಗುಮಾಸ್ತರು ಸಂಖ್ಯೆ ಕೊರೆದ ಬಿಲ್ಲೆಯೊಂದನ್ನು ಕೊಡುತ್ತಿದ್ದರು. ಕ್ಯಾಷಿಯರ್ ಆ ಸಂಖ್ಯೆ ಕರೆದಾಗ ಬಿಲ್ಲೆ ಹಿಂತಿರುಗಿಸಿ ಹಣ ಪಡೆಯಬೇಕಿತ್ತು. ಬ್ಯಾಂಕಿನಲ್ಲಿ ನೂರೇ ಬಿಲ್ಲೆಗಳಿದ್ದು ನೂರೂ ಜನರ ಕೈಯಲ್ಲಿದ್ದರೆ, ನೂರೊಂದನೆಯವರು ಕಾಯಲೇಬೇಕು. ತಿಜೋರಿಯಲ್ಲಿ ಹಣವಿದೆ, ಕ್ಯಾಷಿಯರ್ ಬಿಡುವಾಗಿದ್ದಾರೆ, ಬಾಗಿಲೂ ತೆರೆದಿದೆ, ಆದರೂ ಕೆಲಸ ನಡೆಯುವುದಿಲ್ಲ. ಒಂದು ಕಂಪ್ಯೂಟರು ಇನ್ನೊಂದರ ಜೊತೆ ಮಾತಿಗೆ ತೊಡಗುವಾಗಲೂ ಆಪರೇಟಿಂಗ್ ಸಿಸ್ಟಂ ಹೀಗೆಯೇ ಒಂದು ಸಂಖ್ಯೆಯನ್ನು ಎತ್ತಿಕೊಡುತ್ತದೆ. ಬರುವ ಉತ್ತರ ಯಾವ ಸಂಭಾಷಣೆಗೆ ಸೇರಿದ್ದು ಎಂದು ಗುರುತಿಸುವುದು ಆ ಸಂಖ್ಯೆಯಿಂದಲೇ. ಸಂಖ್ಯೆಗಳು ಮುಗಿದ ಕ್ಷಣ, ಎಷ್ಟೇ ಶಕ್ತಿಯ ಯಂತ್ರವಾದರೂ, ಎಷ್ಟೇ ವೇಗದ ಫೈಬರ್ ಇದ್ದರೂ, ಹೊಸ ಮಾತುಕತೆ ಶುರುವಾಗುವುದಿಲ್ಲ. ಲಿನಕ್ಸ್ ಆಗ ‘ಕೇಳಿದ ವಿಳಾಸ ಕೊಡಲಾಗದು’ ಎಂಬರ್ಥದ ಇಂಗ್ಲಿಷ್ ಸಾಲೊಂದನ್ನು ದಾಖಲಿಸುತ್ತದೆ. ವಿಂಡೋಸ್ 10048 ಅಥವಾ 10055 ಎಂಬ ದೋಷಸಂಖ್ಯೆ ತೋರಿಸುತ್ತದೆ. ಸರತಿಯಲ್ಲಿ ನಿಂತವರಿಗೆ ಇದ್ಯಾವುದೂ ಕಾಣುವುದಿಲ್ಲ. ಅವರವರೆಗೆ ಬರುವಾಗ ಅದು ‘ಸರ್ವರ್ ಡೌನ್’ ಆಗಿರುತ್ತದೆ.

ಒಟ್ಟು ಬಿಲ್ಲೆಗಳೆಷ್ಟು ಎಂಬುದು ಗುಟ್ಟಲ್ಲ. ಕಂಪ್ಯೂಟರುಗಳ ಈ ಮಾತುಕತೆಗಾಗಿ 1981ರಲ್ಲಿ ಪ್ರಕಟವಾದ ಟಿಸಿಪಿ ನಿಯಮಾವಳಿ ಪೋರ್ಟ್ ಸಂಖ್ಯೆಗೆ 16 ಬಿಟ್‌ಗಳಷ್ಟು ಜಾಗ ಕೊಟ್ಟಿತು. ಅಂದರೆ 0ಯಿಂದ 65,535ರವರೆಗೆ, ಒಟ್ಟು 65,536. ಅಷ್ಟೂ ಬಳಕೆಗೆ ಸಿಗುವುದಿಲ್ಲ. ಮೊದಲ 1,024 ಸಂಖ್ಯೆಗಳು ಗೊತ್ತುಪಡಿಸಿದ ಸೇವೆಗಳಿಗೆ ಮೀಸಲು. ಉಳಿದದ್ದರಲ್ಲಿ ಹೊರಹೋಗುವ ಸಂಪರ್ಕಗಳಿಗಾಗಿ ಲಿನಕ್ಸ್ ಸಾಮಾನ್ಯವಾಗಿ 32,768ರಿಂದ 60,999ರವರೆಗಿನ 28,232 ಸಂಖ್ಯೆಗಳನ್ನು ತೆಗೆದಿಡುತ್ತದೆ. ವಿಂಡೋಸ್ ವಿಸ್ತಾ ಮತ್ತು ಅದರ ನಂತರದ ಆವೃತ್ತಿಗಳಲ್ಲಿ ಅದು 16,384. ಅದಕ್ಕೂ ಹಿಂದಿನ ವಿಂಡೋಸ್ ಎಕ್ಸ್‌ಪಿ, ಸರ್ವರ್ 2003ರಲ್ಲಿ 1,025ರಿಂದ 5,000ದವರೆಗೆ, ಬರೇ 3,976. ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕು. ಒಂದು ಸರ್ವರಿಗೆ 65 ಸಾವಿರ ಜನ ಮಾತ್ರ ಬರಬಹುದು ಎಂದು ಇದರ ಅರ್ಥವಲ್ಲ. ಒಳಗೆ ಬರುವವರೆಲ್ಲ ಒಂದೇ ಬಾಗಿಲಿನಿಂದ, ಸುರಕ್ಷಿತ ಜಾಲತಾಣವಾದರೆ 443ನೇ ಪೋರ್ಟಿನಿಂದ, ಬರುತ್ತಾರೆ. ಅವರಿಗೆ ಈ ಮಿತಿ ಅನ್ವಯಿಸುವುದಿಲ್ಲ. ಬಿಲ್ಲೆ ಬೇಕಾಗುವುದು ಮಾತು ಶುರುಮಾಡುವ ಯಂತ್ರಕ್ಕೆ. ಜನರ ಮನವಿ ಸ್ವೀಕರಿಸುವ ಸರ್ವರು ತಾನೇ ಗ್ರಾಹಕನಾಗಿ ಹಿಂಬದಿಯ ದತ್ತಾಂಶ ಭಂಡಾರವನ್ನೋ, ಆಧಾರ್ ಪರಿಶೀಲನೆಯ ಸೇವೆಯನ್ನೋ ಕೇಳುವಾಗ ಬಿಲ್ಲೆಗಳು ಕರಗುತ್ತವೆ. ಮುಂಬಾಗಿಲಲ್ಲಿ ಎಲ್ಲವೂ ಸರಿಯಿದ್ದು ಹಿತ್ತಿಲ ಬಾಗಿಲಲ್ಲಿ ಸಿಕ್ಕಿಬೀಳುವ ಈ ಬಗೆಯೇ ರೋಗವನ್ನು ಪತ್ತೆಹಚ್ಚುವುದು ಕಷ್ಟವಾಗುವಂತೆ ಮಾಡುತ್ತದೆ.

ಇನ್ನೊಂದು ಸಂಗತಿ ಸೇರಿದರೆ ಲೆಕ್ಕ ಪೂರ್ಣವಾಗುತ್ತದೆ. ಸಂಭಾಷಣೆ ಮುಗಿದೊಡನೆ ಸಂಖ್ಯೆ ಮರುಬಳಕೆಗೆ ಸಿಗುವುದಿಲ್ಲ. ಹಳೆಯ ಮಾತಿನ ದಾರಿತಪ್ಪಿದ ತುಣುಕೊಂದು ತಡವಾಗಿ ಬಂದು ಹೊಸ ಮಾತಿನೊಳಗೆ ಸೇರಿಕೊಳ್ಳಬಾರದೆಂದು, ಸಂಪರ್ಕವನ್ನು ಮೊದಲು ಮುಗಿಸಿದ ಯಂತ್ರವು ಆ ಸಂಖ್ಯೆಯನ್ನು ಸ್ವಲ್ಪ ಹೊತ್ತು ಬದಿಗಿಡುತ್ತದೆ. ‘ಟೈಮ್ ವೇಟ್’ ಎಂದು ಇದಕ್ಕೆ ಹೆಸರು. ಲಿನಕ್ಸಿನಲ್ಲಿ ಈ ಕಾಲ 60 ಸೆಕೆಂಡು, ಹಳೆಯ ವಿಂಡೋಸಿನಲ್ಲಿ 240 ಸೆಕೆಂಡು. ಈಗ ಭಾಗಿಸಿ ನೋಡಿ. ಒಂದು ಲಿನಕ್ಸ್ ಯಂತ್ರ ಒಂದೇ ಗಮ್ಯದ ಒಂದೇ ಪೋರ್ಟಿಗೆ ಪ್ರತಿ ಕೆಲಸಕ್ಕೂ ಹೊಸ ಸಂಪರ್ಕ ತೆರೆದು ಮುಚ್ಚುತ್ತಿದ್ದರೆ, ಸೆಕೆಂಡಿಗೆ ಸುಮಾರು 470 ಸಂಪರ್ಕಗಳ ಆಚೆ ಅದು ಹೋಗಲಾರದು. ಹಳೆಯ ವಿಂಡೋಸ್ ಯಂತ್ರವಾದರೆ ಸೆಕೆಂಡಿಗೆ ಬರೇ 16. ಪ್ರೊಸೆಸರ್ ಎಷ್ಟೇ ದೊಡ್ಡದಿರಲಿ, ಈ ಸಂಖ್ಯೆ ಬದಲಾಗದು. ಸೇವೆಯನ್ನು ಕಟ್ಟುವ ಮೊದಲೇ, ಒಂದು ಹಾಳೆಯ ಮೇಲೆ, ಶಾಲೆಯ ಗಣಿತದಲ್ಲಿ ಮಾಡಿ ಮುಗಿಸಬಹುದಾದ ಲೆಕ್ಕವಿದು.

ಈ ಗಣಿತಕ್ಕೂ ನಮ್ಮೂರಿನ ಸರತಿಗೂ ಏನು ನಂಟು ಎಂದು ಕೇಳಬಹುದು. ಕೇರಳದ ರೇಷನ್ ವ್ಯವಸ್ಥೆಯ ಇತ್ತೀಚಿನ ಚರಿತ್ರೆಯನ್ನೇ ನೋಡಿ. ರಾಜ್ಯದಲ್ಲಿರುವುದು ಸುಮಾರು 14 ಸಾವಿರ ರೇಷನ್ ಅಂಗಡಿಗಳು. 2022ರ ಕೊನೆಯಲ್ಲಿ ಇ-ಪೋಸ್ ವ್ಯವಸ್ಥೆ ಮತ್ತೆ ಮತ್ತೆ ಕೈಕೊಟ್ಟಾಗ ಸರಕಾರ 14 ಜಿಲ್ಲೆಗಳನ್ನು ಎರಡು ಪಾಲು ಮಾಡಿತು. ಏಳು ಜಿಲ್ಲೆಗಳಿಗೆ ಬೆಳಗ್ಗೆ, ಏಳಕ್ಕೆ ಮಧ್ಯಾಹ್ನದ ನಂತರ ರೇಷನ್. 2024ರ ಮಾರ್ಚಿನಲ್ಲಿ ಹಳದಿ ಮತ್ತು ಗುಲಾಬಿ ರೇಷನ್ ಕಾರ್ಡಿನವರ ಗುರುತು ದೃಢೀಕರಿಸುವ ಮಸ್ಟರಿಂಗ್ ಆರಂಭಿಸಿದಾಗ ಸರ್ವರ್ ತಡೆದುಕೊಳ್ಳದೆ ಇಡೀ ಕೆಲಸವನ್ನೇ ನಿಲ್ಲಿಸಬೇಕಾಯಿತು. ಅದೇ ವರ್ಷ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಜಿಲ್ಲೆಗಳನ್ನು ಹಂತಗಳಾಗಿ ವಿಂಗಡಿಸಿ ಅದನ್ನು ಮುಂದುವರಿಸಲಾಯಿತು. ಇವೆಲ್ಲ ಪೋರ್ಟ್ ಕೊರತೆಯಿಂದಲೇ ಆದವು ಎಂದು ಇಲ್ಲಿ ಹೇಳುತ್ತಿಲ್ಲ. ಆದರೆ ಎರಡು ಬಾರಿಯೂ ಆರಿಸಿಕೊಂಡ ಪರಿಹಾರವನ್ನು ಗಮನಿಸಬೇಕು: ಏಕಕಾಲಕ್ಕೆ ಬರುವವರ ಸಂಖ್ಯೆಯನ್ನು ಕಡಿಮೆ ಮಾಡುವುದು. ಅಂದರೆ ಎಲ್ಲೋ ಒಂದು ಕಡೆ ‘ಇಷ್ಟಕ್ಕಿಂತ ಹೆಚ್ಚು ಒಮ್ಮೆಗೆ ಆಗದು’ ಎಂಬ ಮಿತಿಯೊಂದು ಇತ್ತು, ಅದು ಆಡಳಿತಕ್ಕೂ ಗೊತ್ತಿತ್ತು. ಉದಾಹರಣೆಗಾಗಿ ಒಂದು ಕಾಲ್ಪನಿಕ ಲೆಕ್ಕ ಹಾಕೋಣ. 14 ಸಾವಿರ ಅಂಗಡಿಗಳಲ್ಲಿ ನಿಮಿಷಕ್ಕೊಬ್ಬರಂತೆ ಬೆರಳೊತ್ತಿ, ಪ್ರತಿಯೊಬ್ಬರಿಗಾಗಿ ನಡುವಿನ ಒಂದು ಯಂತ್ರ ಹಿಂಬದಿಯ ಒಂದೇ ಸೇವೆಗೆ ಎರಡು ಹೊಸ ಸಂಪರ್ಕ ತೆರೆದರೆ ನಿಮಿಷಕ್ಕೆ 28 ಸಾವಿರ ಬಿಲ್ಲೆಗಳು ಬೇಕು. ಲಿನಕ್ಸ್ ಕೊಡುವುದು 28,232. ಸಾಮಾನ್ಯ ದಿನ ಹೇಗೋ ಸಾಗುತ್ತದೆ. ತಿಂಗಳ ಕೊನೆಯ ದಿನ ಹತ್ತರಲ್ಲಿ ಒಬ್ಬರು ಇನ್ನೊಮ್ಮೆ ಬೆರಳೊತ್ತಿದರೆ ಸಾಕು, ಗೆರೆ ದಾಟಿತು. ಎಷ್ಟು ದೊಡ್ಡ ವ್ಯವಸ್ಥೆಯೂ ಎಷ್ಟು ಸಣ್ಣ ಅಂತರದಲ್ಲಿ ತುಂಬಿ ಚೆಲ್ಲಬಹುದು ಎಂಬುದಕ್ಕೆ ಈ ಲೆಕ್ಕ.

ನಮ್ಮ ಜಿಲ್ಲೆಯಲ್ಲಿ ಇಂಥ ಪ್ರಶ್ನೆ ಎದ್ದಾಗ ಥಟ್ಟನೆ ಬರುವ ವಿವರಣೆ ಬೇರೆಯೇ. ನಾವು ರಾಜ್ಯದ ಬಡಗಣ ತುದಿಯವರು, ತಿರುವನಂತಪುರದಿಂದ ಐನೂರಕ್ಕೂ ಹೆಚ್ಚು ಕಿಲೋಮೀಟರ್ ದೂರ, ಕೊನೆಯವರಿಗೆ ಕೊನೆಯಲ್ಲೇ ಸಿಗುವುದು ಎಂಬ ಬೇಸರ. ರಸ್ತೆ, ಆಸ್ಪತ್ರೆ, ಕಾಲೇಜುಗಳ ವಿಚಾರದಲ್ಲಿ ಆ ಬೇಸರಕ್ಕೆ ಕಾರಣಗಳಿವೆ, ಅದನ್ನು ಅಲ್ಲಗಳೆಯಬೇಕಿಲ್ಲ. ಆದರೆ ಜಾಲದ ವಿಷಯದಲ್ಲಿ ದೂರ ಅಷ್ಟು ಮುಖ್ಯವಲ್ಲ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ಆರುನೂರು ಕಿಲೋಮೀಟರ್ ಹೋಗಿ ಬರಲು ಅದಕ್ಕೆ ಬೇಕಾದದ್ದು ಸೆಕೆಂಡಿನ ಸಾವಿರದಲ್ಲಿ ಆರು ಪಾಲು. ರಾಜಧಾನಿಯ ಪಕ್ಕದಲ್ಲಿರುವವರಿಗೂ ನಮ್ಮ ಜಿಲ್ಲೆಯ ಪೆರ್ಲದವರಿಗೂ ದೂರದಿಂದಾಗುವ ವ್ಯತ್ಯಾಸ ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ. ಬಿಲ್ಲೆ ಮುಗಿದರೆ ಮಾತ್ರ ಇಬ್ಬರೂ ಒಟ್ಟಿಗೇ ಕಾಯಬೇಕು. ಅದೇ ರೀತಿ, 2023ರ ಜೂನ್ 5ರಂದು ಉದ್ಘಾಟನೆಗೊಂಡ ಕೆ-ಫೋನ್ ಜಾಲ ಸರಕಾರಿ ಕಚೇರಿಗಳಿಗೂ ಬಡವರ ಮನೆಗಳಿಗೂ ಫೈಬರ್ ತಲುಪಿಸುವುದು ಒಳ್ಳೆಯ ಕೆಲಸವೇ, ಆದರೆ ಅದು ಅಗಲಗೊಳಿಸುವುದು ರಸ್ತೆಯನ್ನು. ಬ್ಯಾಂಕಿಗೆ ಹೋಗುವ ರಸ್ತೆ ಆರು ಪಥದ್ದಾದರೆ ಕೌಂಟರಿನ ಬಿಲ್ಲೆಗಳು ಹೆಚ್ಚುವುದಿಲ್ಲ. ಇದ್ದ ನೂರು ಬಿಲ್ಲೆಗಳಿಗೆ ಜನ ಇನ್ನೂ ಬೇಗ ಬಂದು ಮುತ್ತುತ್ತಾರೆ, ಅಷ್ಟೆ. ತೊಂದರೆಯ ಹೆಸರು ಗೊತ್ತಿಲ್ಲದಿದ್ದರೆ ಹಣ ತಪ್ಪು ಜಾಗದಲ್ಲಿ ಖರ್ಚಾಗುತ್ತದೆ, ಸಿಟ್ಟು ತಪ್ಪು ಜನರ ಮೇಲೆ ಹೋಗುತ್ತದೆ. ಅಂಗಡಿಯವರಿಗೂ ಅಕ್ಷಯ ಕೇಂದ್ರದ ಸಿಬ್ಬಂದಿಗೂ ಬೈಗುಳ ತಿನ್ನುವ ಪಾಡು ಬಂದಿರುವುದು ಹೀಗೆ.

ಹಾಗಾದರೆ ಇನ್ನಷ್ಟು ಸರ್ವರುಗಳನ್ನು ಕೊಂಡರೆ ಮುಗಿಯಿತಲ್ಲ ಎಂಬುದು ಸಹಜವಾದ ಮುಂದಿನ ಮಾತು. ಕೆಲವೊಮ್ಮೆ ಹೌದು. ಆದರೆ ಎಲ್ಲಿ ಸೇರಿಸಬೇಕೆಂದು ತಿಳಿಯದೆ ಸೇರಿಸಿದರೆ ಏನಾಗುತ್ತದೆ ಎಂಬುದಕ್ಕೆ ಜಗತ್ತಿನ ಅತಿ ದೊಡ್ಡ ಕ್ಲೌಡ್ ಕಂಪೆನಿಯ ಅನುಭವವೇ ಪಾಠ. 2020ರ ನವೆಂಬರ್ 25ರಂದು ಅಮೆಜಾನ್ ಕಂಪೆನಿಯ ಉತ್ತರ ವರ್ಜೀನಿಯಾದ ಕೇಂದ್ರದಲ್ಲಿ ಕೈನೆಸಿಸ್ ಎಂಬ ಸೇವೆ ಕುಸಿದು, ಅದನ್ನು ನಂಬಿದ್ದ ಹಲವು ಸೇವೆಗಳು ದಿನದ ಬಹುಭಾಗ ತೊಂದರೆಗೊಳಗಾದವು. ಅದಕ್ಕೆ ನಾಂದಿಯಾದದ್ದು ಸಾಮರ್ಥ್ಯ ಹೆಚ್ಚಿಸಲೆಂದು ಸೇರಿಸಿದ ಕೆಲವು ಹೊಸ ಸರ್ವರುಗಳು. ಅಲ್ಲಿ ಪ್ರತಿ ಸರ್ವರೂ ಉಳಿದ ಪ್ರತಿಯೊಂದರ ಜೊತೆ ಮಾತಾಡಲು ಒಂದೊಂದು ಥ್ರೆಡ್, ಅಂದರೆ ಕೆಲಸದ ಎಳೆ, ಇಟ್ಟುಕೊಳ್ಳುತ್ತಿತ್ತು. ಹೊಸಬರು ಬಂದೊಡನೆ ಎಲ್ಲ ಸರ್ವರುಗಳೂ ಆಪರೇಟಿಂಗ್ ಸಿಸ್ಟಂ ಒಪ್ಪುವ ಥ್ರೆಡ್‌ಗಳ ಗರಿಷ್ಠ ಮಿತಿಯನ್ನು ಒಟ್ಟಿಗೇ ದಾಟಿದವು. ಅಲ್ಲಿ ಮೀರಿದ್ದು ಪೋರ್ಟ್ ಮಿತಿಯಲ್ಲ, ಥ್ರೆಡ್ ಮಿತಿ. ಆದರೆ ರೋಗದ ಜಾತಿ ಒಂದೇ. ಎಲ್ಲೋ ಒಂದು ಸೆಟ್ಟಿಂಗಿನಲ್ಲಿ ಬರೆದಿಟ್ಟ, ಯಾರೂ ಎಣಿಸುತ್ತಿರದ ಒಂದು ಸಂಖ್ಯೆ ಇಡೀ ವ್ಯವಸ್ಥೆಯನ್ನು ನಿಲ್ಲಿಸಿತು. ಇನ್ನೂ ಒಂದು ಸಂಗತಿ ನಮಗೆ ಮುಖ್ಯ. ಏನಾಯಿತು, ಯಾವ ಗಂಟೆಗೆ ಏನು ತಿಳಿಯಿತು, ಮುಂದೆ ಏನು ಮಾಡುತ್ತೇವೆ ಎಂದು ಆ ಕಂಪೆನಿ ಕೆಲವೇ ದಿನಗಳಲ್ಲಿ ಬಹಿರಂಗವಾಗಿ ಬರೆದು ಪ್ರಕಟಿಸಿತು. ತೊಂದರೆಯನ್ನು ಗ್ರಾಹಕರಿಗೆ ತಿಳಿಸುವ ಫಲಕವನ್ನು ಸಕಾಲಕ್ಕೆ ಬದಲಾಯಿಸಲಾಗಲಿಲ್ಲ ಎಂಬ ತನ್ನದೇ ಲೋಪವನ್ನೂ ಅದರಲ್ಲಿ ಒಪ್ಪಿಕೊಂಡಿತು. ಹಣ ಕೊಟ್ಟ ಗ್ರಾಹಕರಿಗೆ ಒಂದು ಖಾಸಗಿ ಕಂಪೆನಿ ಕೊಟ್ಟ ಲೆಕ್ಕ ಅದು. ತೆರಿಗೆ ಕೊಟ್ಟ ನಾಗರಿಕರಿಗೆ ಅದಕ್ಕಿಂತ ಕಡಿಮೆ ಸಾಕೆನ್ನಲು ಕಾರಣವಿಲ್ಲ.

ಮಿತಿಯನ್ನೇ ಏರಿಸಿಬಿಡಿ ಎನ್ನುವವರೂ ಇದ್ದಾರೆ. ಏರಿಸಬಹುದು. ಲಿನಕ್ಸಿನಲ್ಲಿ 1,024ರಿಂದ ಮೇಲಿನ ಎಲ್ಲ ಸಂಖ್ಯೆಗಳನ್ನೂ ತೆರೆದುಕೊಟ್ಟರೆ 28,232 ಇದ್ದದ್ದು 64,512 ಆಗುತ್ತದೆ, ಸೆಕೆಂಡಿಗೆ 470 ಇದ್ದದ್ದು 1,075. ಎರಡೂಕಾಲು ಪಟ್ಟಿಗಿಂತ ಸ್ವಲ್ಪ ಹೆಚ್ಚು. ಸೇವೆ ಬೆಳೆಯುವ ವೇಗದಲ್ಲಿ ಅದು ಒಂದೆರಡು ವರ್ಷದ ಬಿಡುವು ಮಾತ್ರ. ಬದಿಗಿಟ್ಟ ಬಿಲ್ಲೆಗಳನ್ನು ಬೇಗ ಎತ್ತಿಕೊಳ್ಳುವ ಅಡ್ಡದಾರಿಯೂ ಲಿನಕ್ಸಿನಲ್ಲಿ ಒಂದು ಕಾಲಕ್ಕೆ ಇತ್ತು, ‘ಟಿಸಿಪಿ ಟಿಡಬ್ಲ್ಯು ರೀಸೈಕಲ್’ ಎಂಬ ಸೆಟ್ಟಿಂಗ್. ಅದನ್ನು ಹಾಕಿದ ಸರ್ವರುಗಳಿಗೆ ಒಂದೇ ವಿಳಾಸದ ಹಿಂದಿನಿಂದ ಬರುವ ಹಲವು ಗ್ರಾಹಕರಲ್ಲಿ ಕೆಲವರು ಸುಮ್ಮಸುಮ್ಮನೆ ತಿರಸ್ಕೃತರಾಗುತ್ತಿದ್ದರು. ಒಂದೇ ಕಚೇರಿಯ ಒಂದು ಕಂಪ್ಯೂಟರಿನಲ್ಲಿ ಪುಟ ತೆರೆಯುತ್ತದೆ, ಪಕ್ಕದ್ದರಲ್ಲಿ ತೆರೆಯುವುದಿಲ್ಲ, ಕಾರಣ ಯಾರಿಗೂ ತಿಳಿಯದು. ಕೊನೆಗೆ 2017ರಲ್ಲಿ ಲಿನಕ್ಸ್ 4.12ನೇ ಆವೃತ್ತಿಯಿಂದ ಆ ಸೆಟ್ಟಿಂಗನ್ನೇ ಕಿತ್ತುಹಾಕಲಾಯಿತು. ಮಿತಿಗಳೆಲ್ಲ ಮೂರ್ಖತನವೂ ಅಲ್ಲ. 2004ರಲ್ಲಿ ವಿಂಡೋಸ್ ಎಕ್ಸ್‌ಪಿಯ ಎರಡನೇ ಸರ್ವಿಸ್ ಪ್ಯಾಕ್ ಅರ್ಧ ತೆರೆದ ಸಂಪರ್ಕಗಳನ್ನು ಒಮ್ಮೆಗೆ ಹತ್ತಕ್ಕೆ ಕಟ್ಟಿಹಾಕಿದ್ದು ಆ ಕಾಲದಲ್ಲಿ ಜಾಲದ ತುಂಬ ಹಬ್ಬುತ್ತಿದ್ದ ವರ್ಮ್ ಎಂಬ ಕುತಂತ್ರಾಂಶಗಳ ಓಟವನ್ನು ತಡೆಯಲು. ಯಾವ ಬೇಲಿಯನ್ನು ಯಾಕೆ ಹಾಕಿದ್ದಾರೆಂದು ತಿಳಿಯದೆ ಕಿತ್ತರೆ ಬೆಳೆ ಉಳಿಯುವುದಿಲ್ಲ.

ಎಲ್ಲದಕ್ಕೂ ಅಗ್ಗದ ಮದ್ದು ನಮಗೆಲ್ಲ ಬಾಯಿಪಾಠ: ಆಫ್ ಮಾಡಿ ಆನ್ ಮಾಡಿ. ಪೋರ್ಟ್ ಕೊರತೆಗೂ ಅದು ಕೆಲಸ ಮಾಡುತ್ತದೆ. ಯಂತ್ರ ಮತ್ತೆ ಎದ್ದಾಗ ಎಲ್ಲ ಬಿಲ್ಲೆಗಳೂ ಡಬ್ಬಿಗೆ ಮರಳಿರುತ್ತವೆ. ಅಪಾಯವಿರುವುದು ಅಲ್ಲೇ. ವಿಂಡೋಸ್ 7 ಮತ್ತು ಸರ್ವರ್ 2008ರ ಕಾಲದ ಒಂದು ದೋಷ ಇದಕ್ಕೆ ನಿದರ್ಶನ. ಯಂತ್ರವನ್ನು ಒಮ್ಮೆಯೂ ಆರಿಸದೆ 497 ದಿನ ಓಡಿಸಿದರೆ, ಅಲ್ಲಿಂದಾಚೆಗೆ ಬದಿಗಿಟ್ಟ ಸಂಖ್ಯೆಗಳು ಮರಳಿ ಬರುವುದೇ ನಿಂತುಹೋಗುತ್ತಿತ್ತು. ಸೆಕೆಂಡಿನ ನೂರನೇ ಒಂದು ಭಾಗವನ್ನು ಎಣಿಸುವ 32 ಬಿಟ್‌ಗಳ ಗಡಿಯಾರ ತುಂಬಿ ಮತ್ತೆ ಸೊನ್ನೆಗೆ ಬರಲು ಬೇಕಾಗುವುದು ಅಷ್ಟೇ ದಿನ. ಆರಿಸಿ ಹೊತ್ತಿಸಿದವರಿಗೆ ತೊಂದರೆ ಹೋಯಿತು, ಇನ್ನೊಂದು 497 ದಿನದ ಮಟ್ಟಿಗೆ. ಕಾರಣ ಹುಡುಕಿದವರಿಂದಾಗಿ ಅದಕ್ಕೆ ತಿದ್ದುಪಡಿಯೇ ಬಂತು. ಚೆನ್ನಾಗಿ ಪರಿಶೀಲಿಸುವವರಿಗೆ ಪೋರ್ಟ್ ಕೊರತೆಯ ಲಕ್ಷಣಗಳು ಅಷ್ಟೇನೂ ಮರೆಯಾಗಿರುವುದಿಲ್ಲ. ಮೊದಲೇ ತೆರೆದ ಸಂಪರ್ಕಗಳು ನಡೆಯುತ್ತಿರುತ್ತವೆ, ಹೊಸವು ಮಾತ್ರ ಸೋಲುತ್ತವೆ. ಪಿಂಗ್ ಮಾಡಿದರೆ ಉತ್ತರ ಬರುತ್ತದೆ. ಪ್ರೊಸೆಸರಿಗೆ ಕೆಲಸವೇ ಇರುವುದಿಲ್ಲ. ಒಂದೆರಡು ನಿಮಿಷ ಬಿಟ್ಟರೆ ತಾನಾಗಿ ಸರಿಯಾಗಿ, ಮತ್ತೆ ಕೆಡುತ್ತದೆ. ‘ನೆಟ್‌ಸ್ಟಾಟ್’ ಎಂಬ ಒಂದೇ ಆಜ್ಞೆ ಕೊಟ್ಟರೆ ಎಷ್ಟು ಸಂಖ್ಯೆಗಳು ಕಾಯುವ ಸ್ಥಿತಿಯಲ್ಲಿ ಕೂತಿವೆ ಎಂದು ಪರದೆಯ ಮೇಲೆ ಸಾಲುಗಟ್ಟುತ್ತದೆ. ದುಬಾರಿ ಉಪಕರಣ ಬೇಡ, ಪರದೇಶದ ತಜ್ಞರು ಬೇಡ. ನೋಡಬೇಕೆಂಬ ಅಭ್ಯಾಸ ಬೇಕು.

ಇದೇ ಕೊರತೆ ಸರಕಾರದ ಸರ್ವರಿನಲ್ಲಿ ಮಾತ್ರ ಇರುವುದೂ ಅಲ್ಲ. ಐಪಿವಿ4 ಎಂಬ ಹಳೆಯ ವಿಳಾಸಪದ್ಧತಿಯಲ್ಲಿರುವುದು ಒಟ್ಟು ಸುಮಾರು 429 ಕೋಟಿ ವಿಳಾಸಗಳು. ಜಾಗತಿಕ ಭಂಡಾರ 2011ರ ಫೆಬ್ರವರಿಯಲ್ಲೇ ಬರಿದಾಯಿತು. ಅಂದಿನಿಂದ ಮೊಬೈಲ್ ಮತ್ತು ಬ್ರಾಡ್‌ಬ್ಯಾಂಡ್ ಕಂಪೆನಿಗಳು ಹಲವು ಗ್ರಾಹಕರನ್ನು ಒಂದೇ ವಿಳಾಸದಡಿ ಕೂರಿಸುತ್ತವೆ. ಆ ಒಂದು ವಿಳಾಸದ 64 ಸಾವಿರ ಸಂಖ್ಯೆಗಳನ್ನು ತಲಾ ಸಾವಿರದಂತೆ ಹಂಚಿದರೆ 64 ಮನೆಗಳಿಗೆ ಸಾಕು. ಮನೆಯಲ್ಲಿ ಟಿವಿ, ನಾಲ್ಕು ಮೊಬೈಲು, ಒಂದು ಲ್ಯಾಪ್‌ಟಾಪು ಒಟ್ಟಿಗೆ ಓಡುತ್ತಿದ್ದು, ಒಂದೊಂದು ಪುಟವೂ ಹತ್ತಾರು ಸಂಪರ್ಕ ತೆರೆಯುವ ಈ ಕಾಲದಲ್ಲಿ ಪಾಲು ಮೀರುವುದು ಕಷ್ಟವಲ್ಲ. ವಾಟ್ಸ್‌ಆ್ಯಪ್ ನಡೆಯುತ್ತದೆ, ಅರ್ಜಿಯ ಪುಟ ಅರ್ಧಕ್ಕೆ ನಿಲ್ಲುತ್ತದೆ ಎಂಬ ವಿಚಿತ್ರಕ್ಕೆ ಇದೂ ಒಂದು ಕಾರಣವಾಗಬಲ್ಲದು. ಇದರ ನೆಟ್ಟಗಿನ ಪರಿಹಾರ ಐಪಿವಿ6 ಎಂಬ ಹೊಸ ವಿಳಾಸಪದ್ಧತಿ. ಕೇಂದ್ರದ ದೂರಸಂಪರ್ಕ ಇಲಾಖೆ ಅದರ ಮಾರ್ಗನಕ್ಷೆಯನ್ನು 2010ರಲ್ಲೇ ಪ್ರಕಟಿಸಿತ್ತು. ಮೊಬೈಲ್ ಕಂಪೆನಿಗಳು ಬಹುಮಟ್ಟಿಗೆ ಆ ದಾರಿ ಹಿಡಿದಿವೆ. ಗ್ರಾಹಕರ ಕೈಯಲ್ಲಿರುವ ಫೋನು ಹೊಸ ವಿಳಾಸದ್ದಾಗಿ, ತಲುಪಬೇಕಾದ ಜಾಲತಾಣ ಹಳೆಯ ವಿಳಾಸದಲ್ಲೇ ಉಳಿದರೆ ನಡುವಿನ ಇಕ್ಕಟ್ಟಿನ ಬಾಗಿಲಿನಲ್ಲೇ ನುಸುಳಬೇಕಾಗುತ್ತದೆ.

ಪೋರ್ಟ್ ಕೊರತೆಯ ನಿಜವಾದ ಮದ್ದು ಬಿಲ್ಲೆ ಹೆಚ್ಚಿಸುವುದಕ್ಕಿಂತ ಬಿಲ್ಲೆ ಉಳಿಸುವುದರಲ್ಲಿದೆ. ಹತ್ತು ಚೆಕ್ ತಂದವರಿಗೆ ಹತ್ತು ಬಾರಿ ಬಿಲ್ಲೆ ಕೊಟ್ಟು ಪಡೆಯುವ ಬದಲು ಒಂದೇ ಬಿಲ್ಲೆಯಲ್ಲಿ ಹತ್ತೂ ಕೆಲಸ ಮುಗಿಸಿಕೊಡುವುದು. ತೆರೆದ ಸಂಪರ್ಕವನ್ನು ಮುಚ್ಚದೆ ಮರುಬಳಸುವ ಈ ಪದ್ಧತಿ 1997ರ ಎಚ್‌ಟಿಟಿಪಿ 1.1ರಲ್ಲೇ ರೂಢಿಗೆ ಬಂದಿತ್ತು. ದತ್ತಾಂಶ ಭಂಡಾರದೊಂದಿಗೆ ಮಾತಾಡಲು ಕೆಲವು ಸಂಪರ್ಕಗಳನ್ನು ಸದಾ ತೆರೆದಿಟ್ಟು ಸರದಿಯಲ್ಲಿ ಬಳಸುವ ‘ಪೂಲಿಂಗ್’ ಕೂಡ ಹೊಸತಲ್ಲ. ಜೊತೆಗೆ ಸೋತ ಕೂಡಲೇ ಮತ್ತೆ ಮತ್ತೆ ಬಡಿಯುವ ಬದಲು ಕಾಯುವ ಹೊತ್ತನ್ನು ಹೆಚ್ಚಿಸುತ್ತಾ ಹೋಗುವಂತೆ ಆ್ಯಪ್ ಬರೆಯಬೇಕು. ಇಲ್ಲವಾದರೆ ಸಾವಿರ ಜನ ಒಟ್ಟಿಗೆ ‘ರೀಫ್ರೆಶ್’ ಒತ್ತಿ ಏಳುತ್ತಿರುವ ಸರ್ವರನ್ನು ಮತ್ತೆ ಕೆಡವುತ್ತಾರೆ. ಇದೆಲ್ಲ ನಮ್ಮ ರಾಜ್ಯಕ್ಕೆ ಬಾರದ ವಿದ್ಯೆಯಲ್ಲ. ಎಸ್‌ಎಸ್‌ಎಲ್‌ಸಿ ಫಲಿತಾಂಶದ ದಿನ ಲಕ್ಷಾಂತರ ಮಕ್ಕಳು ಒಂದೇ ಗಳಿಗೆಗೆ ಮುಗಿಬೀಳುವುದು ಗೊತ್ತಿರುವುದರಿಂದ ಪರೀಕ್ಷಾಭವನದ ತಾಣ, ಕೈಟ್ ಸಂಸ್ಥೆಯ ತಾಣ, ‘ಸಫಲಂ’ ಆ್ಯಪ್, ಡಿಜಿಲಾಕರ್ ಎಂದು ಹೊರೆಯನ್ನು ಹಂಚಲಾಗುತ್ತದೆ. ಮೊದಲೇ ಎಣಿಸಿದ ಕಡೆ ವ್ಯವಸ್ಥೆ ಕುಸಿಯದೆ ಉಳಿಯುತ್ತದೆ ಎನ್ನಲು ಬೇರೆ ಸಾಕ್ಷಿ ಬೇಡ. ರೇಷನ್, ಪ್ರಮಾಣಪತ್ರ, 2025ರ ಏಪ್ರಿಲಿನಿಂದ ಗ್ರಾಮ ಪಂಚಾಯತಿಗಳಿಗೂ ವಿಸ್ತರಿಸಿದ ಸ್ಥಳೀಯಾಡಳಿತ ಸೇವೆಗಳ ಕೆ-ಸ್ಮಾರ್ಟ್, ಇವುಗಳಿಗೂ ಫಲಿತಾಂಶದ ದಿನದಷ್ಟೇ ಮುಂದಾಲೋಚನೆ ಸಲ್ಲಬೇಕು.

ಎಲ್ಲ ಸ್ಥಗಿತಗಳಿಗೂ ಪೋರ್ಟನ್ನೇ ಹೊಣೆ ಮಾಡಿದರೆ ಅದು ಇನ್ನೊಂದು ಮೂಢನಂಬಿಕೆಯಾಗುತ್ತದೆ, ನಿಜ. ಹೆದ್ದಾರಿ ಅಗೆಯುವಾಗ ಕೇಬಲ್ ತುಂಡಾಗಬಹುದು, ಸಿಡಿಲಿಗೆ ಮೋಡೆಮ್ ಸುಟ್ಟಿರಬಹುದು, ದತ್ತಾಂಶ ಭಂಡಾರದಲ್ಲೇ ಎಡವಟ್ಟಾಗಿರಬಹುದು. ಗಡಿಯಾಚೆಯ ಕರ್ನಾಟಕದಲ್ಲಿ ಆಸ್ತಿ ನೋಂದಣಿಯ ಕಾವೇರಿ 2.0 ತಂತ್ರಾಂಶ 2025ರ ಆರಂಭದಲ್ಲಿ ನಿಂತಾಗ ಅದು ಹೊರಗಿನವರು ಬೇಕೆಂದೇ ಮಾಡಿದ ದಾಳಿಯೆಂದು ಅಲ್ಲಿನ ಸರಕಾರ ಹೇಳಿ ಪೊಲೀಸರಿಗೆ ದೂರು ಕೊಟ್ಟಿತು. ಈ ಆಕ್ಷೇಪ ವಾದವನ್ನು ಬಲಪಡಿಸುತ್ತದೆಯೇ ಹೊರತು ಕುಗ್ಗಿಸುವುದಿಲ್ಲ. ಕೇಬಲ್ ತುಂಡಾದರೆ ಗುತ್ತಿಗೆದಾರರನ್ನು ಕೇಳಬೇಕು, ದಾಳಿಯಾದರೆ ಪೊಲೀಸರನ್ನು, ಬಿಲ್ಲೆ ಮುಗಿದರೆ ತಂತ್ರಾಂಶ ಬರೆದವರನ್ನು. ಮೂರಕ್ಕೂ ‘ಸರ್ವರ್ ಡೌನ್’ ಎಂಬ ಒಂದೇ ಹೆಸರಿಟ್ಟರೆ ಯಾರನ್ನೂ ಕೇಳುವಂತಿಲ್ಲ. ಕಾರಣ ಬಹಿರಂಗಪಡಿಸಿದರೆ ದಾಳಿಕೋರರಿಗೆ ದಾರಿ ತೋರಿದಂತಾಗುತ್ತದೆ ಎಂಬ ಭಯವೂ ಇದೆ. ಇಲ್ಲಿ ಹೇಳಿದ ಮಿತಿಗಳೆಲ್ಲ ದಶಕಗಳಿಂದ ಪಠ್ಯಪುಸ್ತಕಗಳಲ್ಲಿರುವವು. ದಾಳಿಕೋರರಿಗೆ ಅವು ನಮಗಿಂತ ಮೊದಲೇ ಗೊತ್ತು. ದೋಷ ಸರಿಪಡಿಸಿದ ನಂತರ, ವಿಳಾಸ, ಗುಪ್ತಪದಗಳನ್ನು ಬಿಟ್ಟು, ಏನಾಯಿತೆಂದು ಒಂದು ಪುಟ ಬರೆದರೆ ಕೋಟೆ ಉರುಳುವುದಿಲ್ಲ. ಜನಸಾಮಾನ್ಯರಿಗೆ ಈ ವಿವರ ಯಾಕೆ ಎಂದು ಕೇಳುವವರು ಜೂನ್ ತಿಂಗಳಿನ ಕಾಸರಗೋಡನ್ನು ನೋಡಲಿ. ಯೆಲ್ಲೋ, ಆರೆಂಜ್, ರೆಡ್ ಅಲರ್ಟ್‌ಗಳ ವ್ಯತ್ಯಾಸವನ್ನೂ ಎಷ್ಟು ಮಿಲಿಮೀಟರ್ ಮಳೆಗೆ ಶಾಲೆಗೆ ರಜೆ ಎಂಬುದನ್ನೂ ಇಲ್ಲಿನ ಅಜ್ಜಿಯಂದಿರೂ ಚರ್ಚಿಸುತ್ತಾರೆ. ಹವಾಮಾನ ಇಲಾಖೆ ಹೇಳತೊಡಗಿತು, ಜನ ಕಲಿತರು.

ಯಾವ ಭಾಷೆಯಲ್ಲಿ ಹೇಳಬೇಕೆಂಬುದು ಈ ಜಿಲ್ಲೆಯಲ್ಲಿ ಬೇರೆಯೇ ಪ್ರಶ್ನೆಯಲ್ಲ, ಇದೇ ಪ್ರಶ್ನೆಯ ಇನ್ನೊಂದು ಮುಖ. ಕೇರಳದ 1969ರ ಅಧಿಕೃತ ಭಾಷೆಗಳ ಕಾಯ್ದೆ, ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರು ಸರಕಾರದೊಡನೆ ಕನ್ನಡದಲ್ಲೇ ವ್ಯವಹರಿಸಬಹುದು, ಅವರಿಗೆ ಉತ್ತರವೂ ಕನ್ನಡದಲ್ಲೇ ಹೋಗಬೇಕು ಎಂದು ಹೇಳಿತು. ಆಗ ವ್ಯವಹಾರವೆಂದರೆ ಪತ್ರ. ಇಂದು ಅರ್ಜಿಯೇ ಪರದೆಯ ಮೇಲಿದೆ, ಉತ್ತರವೂ ಅಲ್ಲೇ. ಅರ್ಜಿ ಕಳಿಸುವ ಗುಂಡಿ ಒತ್ತಿದಾಗ ಬರುವ ದೋಷಸಂದೇಶವೂ ಸರಕಾರ ಕೊಟ್ಟ ಉತ್ತರವೇ. ಅದು ಇಂಗ್ಲಿಷಿನ ಒಂದು ಸಾಲೋ, ಐದಂಕಿಯ ಸಂಖ್ಯೆಯೋ ಆಗಿದ್ದರೆ ಉತ್ತರ ತಲುಪಿದಂತಾಗಲಿಲ್ಲ. ಕನ್ನಡದಲ್ಲಿ ಇಂಥ ವಿಷಯ ಹೇಳಲಾಗದು ಎಂಬ ನೆಪವೂ ನಿಲ್ಲದು. ಇದೇ ರಾಜ್ಯ ತನ್ನ ಶಾಲೆಗಳಿಗೆ ಐಸಿಟಿ ಪಠ್ಯಪುಸ್ತಕವನ್ನು ಮಲಯಾಳ, ಇಂಗ್ಲಿಷ್, ತಮಿಳಿನ ಜೊತೆಗೆ ಕನ್ನಡದಲ್ಲೂ ಅಚ್ಚು ಹಾಕಿಸುತ್ತದೆ. ಸ್ವತಂತ್ರ ತಂತ್ರಾಂಶವಾದ ಲಿನಕ್ಸನ್ನು ಶಾಲಾ ಲ್ಯಾಬುಗಳಿಗೆ ತಂದದ್ದೂ ಇದೇ ರಾಜ್ಯ. ಲಿನಕ್ಸಿನಲ್ಲಿ ಆ 28,232ರ ಮಿತಿ ಯಾರು ಬೇಕಾದರೂ ತೆರೆದು ಓದಬಹುದಾದ ಒಂದು ಸಣ್ಣ ಕಡತದಲ್ಲಿದೆ. ಹತ್ತನೇ ತರಗತಿಯ ಮಗು ಲ್ಯಾಬಿನಲ್ಲಿ ಕುಳಿತು ನೋಡಬಹುದಾದ ಸಂಖ್ಯೆಯನ್ನು ಆ ಮಗುವಿನ ತಂದೆತಾಯಿಗೆ ರೇಷನ್ ಅಂಗಡಿಯಲ್ಲಿ ವಿವರಿಸಲಾಗದು ಎಂದರೆ ನಂಬುವುದು ಹೇಗೆ?

ಕೇಳುತ್ತಿರುವುದು ಬಹಳವಲ್ಲ. ಒಂದು, ಪ್ರತಿ ಸರಕಾರಿ ಸೇವೆಗೂ ಒಮ್ಮೆಗೆ ಎಷ್ಟು ಮಂದಿಯ ಹೊರೆ ಹೊರಬಲ್ಲದು ಎಂಬ ಲೆಕ್ಕ ಮೊದಲೇ ಆಗಿರಬೇಕು, ಪೋರ್ಟ್ ಸಂಖ್ಯೆ, ಸಂಪರ್ಕ, ಥ್ರೆಡ್‌ಗಳ ಬಳಕೆ ಮಿತಿಯ ಮುಕ್ಕಾಲಿಗೆ ಬಂದಾಗಲೇ ಎಚ್ಚರಿಕೆ ಹೊಡೆಯಬೇಕು. ಎರಡು, ಸೇವೆ ನಿಂತರೆ ಕಾರಣ, ನಿಂತ ಹೊತ್ತು, ಮಾಡಿದ ಪರಿಹಾರ ಇಷ್ಟನ್ನು ವಾರದೊಳಗೆ ಪ್ರಕಟಿಸಬೇಕು. ಮೂರು, ಕಾಸರಗೋಡು, ಮಂಜೇಶ್ವರ ತಾಲೂಕುಗಳ ಪರದೆಗಳಲ್ಲಿ ಕನ್ನಡದ ಒಂದು ಸಾಲು ಕಾಣಬೇಕು: ಈಗ ಸಂಪರ್ಕಗಳು ತುಂಬಿವೆ, ನಿಮ್ಮ ಅರ್ಜಿ ಉಳಿದಿದೆ ಅಥವಾ ಉಳಿದಿಲ್ಲ, ಇಷ್ಟು ಹೊತ್ತಿಗೆ ಮತ್ತೆ ಬನ್ನಿ. ಕಾಯಬೇಕೋ ಮನೆಗೆ ಹೋಗಬೇಕೋ ಎಂದು ತೀರ್ಮಾನಿಸಲು ಸರತಿಯಲ್ಲಿರುವವರಿಗೆ ಅಷ್ಟು ಸಾಕು. ಓದುಗರೂ ಒಂದು ಕೆಲಸ ಮಾಡಬಹುದು. ಮುಂದಿನ ಬಾರಿ ‘ಸರ್ವರ್ ಡೌನ್’ ಎಂದು ಕೇಳಿದಾಗ ಕೌಂಟರಿನವರ ಮೇಲೆ ರೇಗಬೇಡಿ, ಅವರಿಗೂ ನಿಮ್ಮಷ್ಟೇ ಗೊತ್ತು. ಮನೆಗೆ ಬಂದು ಸಂಬಂಧಪಟ್ಟ ಇಲಾಖೆಗೆ ಒಂದು ಪತ್ರ ಬರೆಯಿರಿ: ಇಂಥ ದಿನ ಇಂಥ ಸೇವೆ ಯಾಕೆ ನಿಂತಿತು, ಮುಂದೆ ನಿಲ್ಲದಿರಲು ಏನು ಮಾಡಿದ್ದೀರಿ ಎಂದು. ಕನ್ನಡದಲ್ಲೇ ಬರೆಯಿರಿ. ಕನ್ನಡದಲ್ಲಿ ಉತ್ತರ ಪಡೆಯುವ ಹಕ್ಕು ನಿಮಗಿದೆ.